ಕಾಣದ ತೆರಪು

ಕಳೆದ ವರ್ಷ ಒಂದು ಮುಂಜಾನೆ ತಂದೆಯೊಬ್ಬರು ಕಾರ್ಖಾನೆಯ ಅರ್ಧ ಪಾಳಿ ಬಿಟ್ಟು ನಮ್ಮ ಶಾಲೆಗೆ ಬಂದರು. "ಸರ್, ನಮ್ಮ ಹುಡುಗಿ ಪರೀಕ್ಷೆ ಬರದಾಳ್ರಿ. ಯಾದಿಯೊಳಗ ಆಕಿ ಅಂಕ ಯಾಕ ಇಲ್ರಿ?" ಎಂದು ಕೇಳಿದರು. ಹೆಸರುಗಳ ಯಾದಿ ಒಂದು, ಅಂಕಗಳ ಯಾದಿ ಇನ್ನೊಂದು. ಎರಡನ್ನೂ ಗಣಕಯಂತ್ರದಲ್ಲಿ ಹೆಸರಿನ ಆಧಾರದಿಂದ ಕೂಡಿಸಿದ್ದೆವು. ಎರಡರಲ್ಲಿಯೂ ಆ ಬಾಲಕಿಯ ಹೆಸರಿತ್ತು, ಕಾಗುಣಿತದ ತಪ್ಪೂ ಇರಲಿಲ್ಲ. ಸಂಜೆಯವರೆಗೆ ಹುಡುಕಿದ ಮೇಲೆ ತಿಳಿಯಿತು: ಒಂದು ಯಾದಿಯಲ್ಲಿ ಹೆಸರಿನ ಕೊನೆಗೆ ಯಾರೋ ಒಂದು ಸಲ ಹೆಚ್ಚಾಗಿ ತೆರಪಿನ ಕೀಲಿಯನ್ನು ಒತ್ತಿದ್ದರು. ಆ ಯಾರೋ ನಾವೇ ಇರಬಹುದು.

ನಮಗೆ ತೆರಪು ಎಂದರೆ ಏನೂ ಇಲ್ಲದ ಜಾಗ. ನಮ್ಮ ಹಳೆಯ ಶಾಸನಗಳಲ್ಲಂತೂ ಪದ ಪದದ ನಡುವೆ ತೆರಪು ಬಿಡುವ ರೂಢಿಯೇ ಇರಲಿಲ್ಲ. ಆದರೆ ಯಂತ್ರಕ್ಕೆ ತೆರಪೂ ಒಂದು ಅಕ್ಷರವೇ. ಅದರ ಸಂಕೇತ ಸಂಖ್ಯೆ 32. ಆದುದರಿಂದ "ಯಲ್ಲಪ್ಪ" ಬೇರೆ, ಕೊನೆಗೆ ತೆರಪುಳ್ಳ "ಯಲ್ಲಪ್ಪ " ಬೇರೆ.

ಒಂದು ಕಚೇರಿಯ ಯಾದಿಯನ್ನು ಇನ್ನೊಂದಕ್ಕೆ ಕಳಿಸುವಾಗ ಸಾಮಾನ್ಯವಾಗಿ ಸಿ.ಎಸ್.ವಿ. ಎಂಬ ಕಡತ ಮಾಡುತ್ತಾರೆ. ಅದು ಬರೀ ಪಠ್ಯ. ಒಬ್ಬ ವಿದ್ಯಾರ್ಥಿಗೆ ಒಂದು ಸಾಲು, ಕಲಮುಗಳ ನಡುವೆ ಅಲ್ಪವಿರಾಮ: 12,ಯಲ್ಲಪ್ಪ,64. ಈ ಕಡತದ ರೀತಿಯನ್ನು ವಿವರಿಸಿ 2005ರಲ್ಲಿ ಪ್ರಕಟವಾದ ಆರ್.ಎಫ್.ಸಿ. 4180 ಎಂಬ ದಾಖಲೆಯು, ಕಲಮಿನೊಳಗಿನ ತೆರಪು ಆ ಕಲಮಿನದೇ ಭಾಗ, ಅದನ್ನು ಕಡೆಗಣಿಸಬಾರದು ಎನ್ನುತ್ತದೆ. ಅಂದರೆ ಅಲ್ಪವಿರಾಮದ ಪಕ್ಕದಲ್ಲಿ ಚೆಂದಕ್ಕಾಗಿ ತೆರಪು ಬಿಟ್ಟರೆ ಅದೂ ಹೆಸರಿಗೆ ಅಂಟಿಕೊಳ್ಳುತ್ತದೆ. (ಪ್ರಬಂಧದಲ್ಲಿ ಅಲ್ಪವಿರಾಮದ ನಂತರ ತೆರಪು ಬಿಡಿ ಎಂದು ತಿದ್ದುವವರೂ ನಾವೇ! ಅಲ್ಲಿ ಬಿಡಬೇಕು, ಇಲ್ಲಿ ಬಿಡಬಾರದು.)

ಕೈತಪ್ಪಿನಿಂದ ಮಾತ್ರವೇ ತೆರಪು ಸೇರುವುದಿಲ್ಲ. 1928ರಲ್ಲಿ ಬಂದ ಐ.ಬಿ.ಎಂ. ರಂಧ್ರಪತ್ರದಲ್ಲಿ 80 ಮನೆಗಳು. ಹೆಸರಿಗೆ 20 ಮನೆ ಇಟ್ಟು, ಹೆಸರು 8 ಅಕ್ಷರದಲ್ಲಿ ಮುಗಿದರೆ ಉಳಿದ 12 ಮನೆ ಖಾಲಿ. ಈ ಪದ್ಧತಿಯನ್ನು ಉಳಿಸಿಕೊಂಡ ತಂತ್ರಾಂಶಗಳು ಇಂದಿಗೂ ಹೆಸರಿನ ಹಿಂದೆ ತೆರಪು ತುಂಬಿಯೇ ಕಳಿಸುತ್ತವೆ.

ಪತ್ತೆ ಹಚ್ಚುವುದು ಹೇಗೆ? ಯಾದಿಯನ್ನು ಅಕಾರಾದಿಯಾಗಿ ಜೋಡಿಸಿರಿ. ಯಲ್ಲಪ್ಪನು ಅನಸೂಯಾಳಿಗಿಂತ ಮೇಲೆ ಬಂದು ಕುಳಿತರೆ ಅವನ ಹೆಸರಿನ ಮೊದಲಿಗೆ ತೆರಪಿದೆ. ಕೊನೆಯ ತೆರಪಿಗೆ ಎಕ್ಸೆಲ್‌ನ "ಲೆನ್" ಸೂತ್ರದಿಂದ ಎಣಿಸಬೇಕು. ಯಲ್ಲಪ್ಪ ಎಂಬಲ್ಲಿ ನಾವು ಮೂರೇ ಅಕ್ಷರ ಕಾಣುತ್ತೇವೆ. ಯಂತ್ರವು ಯ, ಲ, ವಿರಾಮಚಿಹ್ನೆ, ಲ, ಪ, ವಿರಾಮಚಿಹ್ನೆ, ಪ ಎಂದು 7 ಎಣಿಸುತ್ತದೆ. 8 ಎಂದರೆ ಒಂದು ತೆರಪು ಅಡಗಿದೆ.

ತೆಗೆಯಲು "ಟ್ರಿಮ್" ಎಂಬ ಸೂತ್ರವಿದೆ. ಅದು ಹಿಂದುಮುಂದಿನ ತೆರಪುಗಳನ್ನು ಕಳೆದು, ನಡುವೆ ಎರಡು ಮೂರು ಇದ್ದರೆ ಒಂದನ್ನೇ ಉಳಿಸುತ್ತದೆ. ಶುದ್ಧವಾದ ಕಲಮನ್ನು ಹಳೆಯದರ ಮೇಲೆ ಬರೀ ಮೌಲ್ಯವಾಗಿ ಅಂಟಿಸಿ, ಬಳಿಕವೇ ಸಿ.ಎಸ್.ವಿ. ಮಾಡಬೇಕು. ಕನ್ನಡ ಅಕ್ಷರಗಳಿದ್ದರೆ ಉಳಿಸುವಾಗ ಯು.ಟಿ.ಎಫ್.-8 ಆರಿಸಬೇಕು, ಇಲ್ಲವಾದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲೇ ಬರುತ್ತದೆ. ಅಂತರ್ಜಾಲ ಪುಟಗಳಿಂದ ನಕಲು ಮಾಡಿದ ಪಠ್ಯದಲ್ಲಿ 160 ಸಂಖ್ಯೆಯ ಇನ್ನೊಂದು ಬಗೆಯ ತೆರಪು ಬರುವುದುಂಟು. ಅದು ಟ್ರಿಮ್‌ಗೆ ಬಗ್ಗದು. "ಸಬ್‌ಸ್ಟಿಟ್ಯೂಟ್" ಸೂತ್ರದಿಂದ ಅದನ್ನು ಮೊದಲು ಸಾಮಾನ್ಯ ತೆರಪಾಗಿ ಬದಲಿಸಬೇಕು.

ಅವಸರದಲ್ಲಿ "ಎಲ್ಲ ತೆರಪನ್ನೂ ಅಳಿಸು" ಎಂದು ಆಜ್ಞೆ ಕೊಡಬೇಡಿರಿ. ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಅಂಟಿ ಒಂದೇ ಮುದ್ದೆಯಾಗುತ್ತವೆ. ಕನ್ನಡಕ್ಕೆ ಇನ್ನೂ ಒಂದು ಅಪಾಯವಿದೆ. ರಾಜ್‌ಕುಮಾರ ಎಂದು ಒತ್ತಕ್ಷರವಾಗದಂತೆ ಬರೆಯಲು ಜ್ ಮತ್ತು ಕು ನಡುವೆ ಅಗಲವೇ ಇಲ್ಲದ ಒಂದು ಚಿಹ್ನೆ ಕೂತಿರುತ್ತದೆ. ಕಾಣದ್ದೆಲ್ಲ ಕಸವೆಂದು ಅದನ್ನೂ ಗುಡಿಸಿದರೆ ಅವನು ರಾಜ್ಕುಮಾರ ಆಗಿಬಿಡುತ್ತಾನೆ.

ಪಾಲಕರಲ್ಲಿ ಒಂದು ವಿನಂತಿ. ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಯನ್ನು ಈಗ ಬಹಳ ಮಂದಿ ಮೊಬೈಲಿನಲ್ಲಿಯೇ ತುಂಬುತ್ತೀರಿ. ಎರಡಕ್ಷರ ಒತ್ತಿದೊಡನೆ ಮೊಬೈಲು ಸೂಚಿಸುವ ಹೆಸರನ್ನು ಮುಟ್ಟಿದರೆ, ಹೆಸರಿನ ಜೊತೆಗೆ ಅನೇಕ ವೇಳೆ ತೆರಪೊಂದನ್ನೂ ಅದು ಸೇರಿಸುತ್ತದೆ. ಮುಂದಿನ ಮನೆಗೆ ಹೋಗುವ ಮೊದಲು ಹೆಸರಿನ ಕೊನೆಯಲ್ಲಿ ಬೆರಳಿಟ್ಟು ನೋಡಿರಿ. ಮಿನುಗುವ ಗೆರೆ ಅಕ್ಷರದಿಂದ ದೂರ ನಿಂತಿದ್ದರೆ ಅಳಿಸುವ ಕೀಲಿಯನ್ನು ಒಂದು ಸಲ ಒತ್ತಿರಿ.