ಕೊನೆಯ ಐದು ಮೀಟರ್

ಕಾಡಿನ ದಾರಿಯ ಪಕ್ಕ ಬಿದ್ದಿರುವ ಒಂದು ಕೊರಡು. ಮೊಳದುದ್ದ, ತೊಡೆ ದಪ್ಪ. ತೊಗಟೆಯ ಬಿರುಕುಗಳಲ್ಲಿ ಹಾವಸೆ ಹಬ್ಬಿದೆ. ಮೇಲ್ಬದಿಯಲ್ಲಿ ಎಂದೋ ಮುರಿದುಹೋದ ಕೊಂಬೆಯ ಮೋಟು, ಓರೆಯಾಗಿ ನಿಂತಿದೆ. ಆ ಮೋಟನ್ನು ಹಿಡಿದು ತುಸು ತಿರುಗಿಸಿ ಎಳೆದರೆ ಕೈಗೇ ಬರುತ್ತದೆ. ಅದರ ಬುಡಕ್ಕೆ ಅಂಟಿಕೊಂಡು ಒಂದು ಪಾರದರ್ಶಕ ಕೊಳವೆಯೂ ಹೊರಬರುತ್ತದೆ. ಕೊಳವೆಯೊಳಗೆ ಸುರುಳಿ ಸುತ್ತಿದ ಕಾಗದ, ಕಾಗದದ ತುಂಬ ಹೆಸರು ಮತ್ತು ತಾರೀಖು. ಮೊದಲೇ ಬಂದು ಇದನ್ನು ಪತ್ತೆ ಮಾಡಿದವರ ಸಹಿಗಳವು. ನಾವೂ ಒಂದು ಸಹಿ ಹಾಕಿ, ಸುತ್ತಿ, ಮೋಟನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದರೆ ಮುಗಿಯಿತು. ಕೊರಡು ಮತ್ತೆ ಕೊರಡಾಗುತ್ತದೆ.

ಇದನ್ನು ಮಾಡಿದವರು ಅಮೆರಿಕದ ಆರೆಗನ್ ರಾಜ್ಯದ ಒಬ್ಬ ಹಿರಿಯರು. ಲೋಹದ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋದಲ್ಲಿ ಚಿಪ್ ಕಾರ್ಖಾನೆಯ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡದ ಮನೆಗಳಿವೆ. ನನ್ನ ಮಗಳ ಮನೆ ಅಂಥದ್ದೊಂದು. ಅವಳ ಬೀದಿಯ ಕೊನೆಯಲ್ಲಿ ಈ ಹಿರಿಯರ ಮನೆ, ಮನೆಯ ಗ್ಯಾರೇಜೇ ಇವರ ಕಾರ್ಯಾಗಾರ. ಮೊಮ್ಮಗಳು ಅವರನ್ನು ಹೆಸರು ಹಿಡಿದೇ ಕರೆಯುತ್ತಾಳೆ, ಅಲ್ಲಿಯ ರೂಢಿ ಅದು. ನನಗೆ ಬಾಯಿ ಬರುವುದಿಲ್ಲ, ಯಜಮಾನರು ಎನ್ನುತ್ತೇನೆ. ಪತ್ರಿಕೆಗೆ ಬರೆಯುತ್ತೇನೆ ಅಂದಾಗ ಅವರು ಕೇಳಿದ್ದು ಎರಡೇ: ತನ್ನ ಹೆಸರು ಬೇಡ, ಕೊರಡು ಇರುವ ಜಾಗವೂ ಬೇಡ.

ಆಟದ ಹೆಸರು ಜಿಯೋಕ್ಯಾಶಿಂಗ್. ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕುತ್ತಾರೆ. ಸಿಕ್ಕರೆ ಸಹಿ, ಮತ್ತೆ ಅಲ್ಲೇ ಇಡುವುದು. ಜಗತ್ತಿನಲ್ಲಿ ಇಂದು ಇಂಥ 30 ಲಕ್ಷಕ್ಕೂ ಹೆಚ್ಚು ಡಬ್ಬಿಗಳಿವೆ. 2008ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬ ಯಾತ್ರಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಅಲ್ಲೂ ಒಂದನ್ನು ನೆಲೆಗೊಳಿಸಿ ಬಂದರು.

ಆರೆಗನ್ನಿನವರಿಗೆ ಇದು ಮನೆಯಂಗಳದ ಆಟ, ಯಾಕೆಂದರೆ ಹುಟ್ಟಿದ್ದೇ ಅಲ್ಲಿ. ಜಿಪಿಎಸ್ ಅಮೆರಿಕದ ಸೇನೆಗಾಗಿ ಕಟ್ಟಿದ ವ್ಯವಸ್ಥೆ. ನಾಗರಿಕರಿಗೆ ಸಿಗುತ್ತಿದ್ದ ಸಂಕೇತವನ್ನು ಬೇಕೆಂದೇ ಮಸುಕು ಮಾಡಿರುತ್ತಿದ್ದರು. ನೀವು ನಿಂತ ಜಾಗವನ್ನು ಅದು ನೂರು ಮೀಟರ್‌ವರೆಗೂ ಆಚೀಚೆ ತೋರಿಸುತ್ತಿತ್ತು. ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ 2000ದ ಮೇ ತಿಂಗಳ ಆರಂಭದಲ್ಲಿ ಆ ಮಸುಕನ್ನು ತೆಗೆದರು. ಸಂಕೇತ ಎಷ್ಟು ನಿಖರವಾಗಿದೆ ನೋಡೋಣ ಎಂದು ಡೇವ್ ಅಲ್ಮರ್ ಎಂಬ ಕಂಪ್ಯೂಟರ್ ತಜ್ಞರು ಮೇ 3ರಂದು ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಬಕೆಟ್ಟನ್ನು ಅರ್ಧ ಹೂತಿಟ್ಟು ಅದರ ನೆಲೆಯನ್ನು ಅಂತರ್ಜಾಲದ ಚರ್ಚಾಗುಂಪಿನಲ್ಲಿ ಹಾಕಿದರು. ಒಳಗೆ ಪುಸ್ತಕ, ಸಾಫ್ಟ್‌ವೇರ್, ಒಂದಿಷ್ಟು ಹಣ, ಒಂದು ಕವಣೆ, ಒಂದು ಡಬ್ಬ ಬೀನ್ಸ್ ಕಾಳು, ಸಹಿ ಮಾಡಲು ಪುಸ್ತಕ ಮತ್ತು ಪೆನ್ಸಿಲ್. ಮೂರು ದಿನದೊಳಗೆ ಇಬ್ಬರು ಕಂಡುಹಿಡಿದರು. ಅದೇ ತಿಂಗಳ ಕೊನೆಗೆ ಮ್ಯಾಟ್ ಸ್ಟಮ್ ಎಂಬುವರು ಆಟಕ್ಕೆ ಈಗಿನ ಹೆಸರಿಟ್ಟರು. ಸೆಪ್ಟೆಂಬರಿನಲ್ಲಿ ಜೆರೆಮಿ ಐರಿಷ್ ಇದಕ್ಕೊಂದು ಜಾಲತಾಣ ತೆರೆದಾಗ ಜಗತ್ತಿನಲ್ಲಿ ಒಟ್ಟು ಇದ್ದದ್ದು 75 ಡಬ್ಬಿಗಳು. ಇದಕ್ಕೂ ಹಿಂದಿನ ಪೂರ್ವಜ ಬೇಕೆಂದರೆ ಇಂಗ್ಲೆಂಡಿನ ಡಾರ್ಟ್‌ಮೂರ್‌ಗೆ ಹೋಗಬೇಕು. ಅಲ್ಲಿಯ ಕ್ರ್ಯಾನ್‌ಮಿಯರ್ ಕೊಳದ ಬಳಿ 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ, ನಡೆದು ಬಂದವರು ತಮ್ಮ ಚೀಟಿ ಬಿಟ್ಟು ಹೋಗಲಿ ಎಂದು ಒಂದು ಸೀಸೆ ಇಟ್ಟಿದ್ದರು.

ಅಲ್ಮರ್ ಅವರ ಬಕೆಟ್ಟಿಗೆ ಇಂದಿನ ನಿಯಮದಲ್ಲಿ ಜಾಗವಿಲ್ಲ. ಆಹಾರ ಇಡಬಾರದು, ಪ್ರಾಣಿಗಳು ಬಂದು ಒಡೆಯುತ್ತವೆ. ಸಾಮಾನ್ಯವಾಗಿ ನೆಲ ಅಗೆದು ಹೂಳುವಂತಿಲ್ಲ. ಮರಕ್ಕೆ ಮೊಳೆ ಹೊಡೆಯಬಾರದು. ಜಾಗದ ಒಡೆಯರ ಅನುಮತಿ ಬೇಕು. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಕನಿಷ್ಠ 161 ಮೀಟರ್ ಅಂತರವಿರಬೇಕು. ಹೂಳುವಂತಿಲ್ಲ, ಹೊಡೆಯುವಂತಿಲ್ಲ ಅಂದಮೇಲೆ ಉಳಿದ ದಾರಿ ಒಂದೇ: ವಸ್ತುವನ್ನು ಎಲ್ಲರ ಕಣ್ಣೆದುರೇ ಇಟ್ಟು, ಯಾರೂ ಎರಡನೇ ಸಲ ನೋಡದಂತೆ ಅದಕ್ಕೊಂದು ವೇಷ ಹಾಕುವುದು. ಈ ಕಸುಬು ಬೆಳೆದದ್ದು ಹೀಗೆ.

ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಬಯಲಿನಲ್ಲಿ ನಮ್ಮ ಫೋನನ್ನು ಹೆಚ್ಚೂಕಡಿಮೆ ಐದು ಮೀಟರ್ ಹತ್ತಿರಕ್ಕೆ ತಂದು ನಿಲ್ಲಿಸುತ್ತವೆ. ದಟ್ಟ ಮರಗಳ ಕೆಳಗೆ ಅಷ್ಟೂ ಇಲ್ಲ. ಐದು ಮೀಟರ್ ತ್ರಿಜ್ಯದ ವೃತ್ತವೆಂದರೆ 78 ಚದರ ಮೀಟರ್ ನೆಲ. ಅಷ್ಟರಲ್ಲಿ ಎಷ್ಟು ಕಲ್ಲು, ಎಷ್ಟು ಬೇರು, ಎಷ್ಟು ಪೊಟರೆ! ಉಪಗ್ರಹದ ಕೆಲಸ ಅಲ್ಲಿಗೆ ಮುಗಿಯುತ್ತದೆ, ಡಬ್ಬಿ ಮಾಡಿದವರ ಕೆಲಸ ಅಲ್ಲಿಂದ ಶುರು. ಕೊನೆಯ ಆ ಐದು ಮೀಟರಿನಲ್ಲಿ ಹುಡುಕುವವರ ಕಣ್ಣನ್ನು ಹೇಗೆ ನಡೆಸಬೇಕು ಎನ್ನುವುದೇ ಯಜಮಾನರ ಇಡೀ ಚಿಂತೆ.

ಅವರ ಕೊರಡುಗಳು ಚಳಿಗಾಲದ ಬಿರುಗಾಳಿಗೆ ಅವರದೇ ಹಿತ್ತಲಿನ ಡಗ್ಲಸ್ ಫರ್ ಮರಗಳಿಂದ ಮುರಿದು ಬಿದ್ದವು. ಕಾಡಿನಿಂದ ಏನನ್ನೂ ತರುವುದಿಲ್ಲ. ಬಿದ್ದ ಕೊಂಬೆಯನ್ನು ಒಂದು ಬೇಸಿಗೆ ಪೂರ್ತಿ ಶೆಡ್ಡಿನಲ್ಲಿ ಒಣಗಿಸುತ್ತಾರೆ. ಹಸಿಯಲ್ಲೇ ಕೊರೆದರೆ ಮರ ಕುಗ್ಗಿ ಕೊಳವೆ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಮೋಟಿನ ಆಯ್ಕೆ. ಕೊರಡಿಗೆ ಮೂರು ನಾಲ್ಕು ಮೋಟುಗಳಿದ್ದರೆ ಅದರಲ್ಲಿ ಬೆರಳುಗಳಿಗೆ ಸಹಜವಾಗಿ ಹಿಡಿತಕ್ಕೆ ಸಿಗುವ ಒಂದನ್ನು ಆರಿಸುತ್ತಾರೆ. ಅದರ ಬುಡದ ಸುತ್ತ ತೆಳು ಗರಗಸದಲ್ಲಿ ಕೊಯ್ಯುವಾಗ ಗರಗಸ ತೊಗಟೆಯ ಬಿರುಕುಗಳನ್ನೇ ಹಿಂಬಾಲಿಸಬೇಕು. ದುಂಡಗೆ ಕೊಯ್ದರೆ ಆ ದುಂಡು ಗೀರು ಹತ್ತು ಹೆಜ್ಜೆ ದೂರದಿಂದಲೇ ಕಾಣುತ್ತದೆ, ಕಾಡು ಅಷ್ಟು ದುಂಡನೆಯ ಗೀರನ್ನು ಎಳೆಯುವುದಿಲ್ಲ ಎನ್ನುತ್ತಾರೆ. ಮೋಟು ಬಿಡಿಸಿದ ಜಾಗದಿಂದ ಕೊಂಬೆ ಬೆಳೆದ ಓರೆಯಲ್ಲೇ ಒಳಕ್ಕೆ ಬೈರಿಗೆ ಹಾಕಿ ತೂತು ಕೊರೆಯುತ್ತಾರೆ. ತೂತಿನ ತಳದಲ್ಲಿ ಇನ್ನೊಂದು ಸಣ್ಣ ತೂತು, ನುಗ್ಗಿದ ಮಳೆನೀರು ಬಸಿದುಹೋಗಲಿಕ್ಕೆ. ನೀರು ಒಳಗೆ ನಿಂತು ಹೆಪ್ಪುಗಟ್ಟಿದರೆ ಮರ ಸೀಳುತ್ತದೆ.

ಕೊಳವೆ ಅಂದೆನಲ್ಲ, ಅದು ಸೋಡಾ ಬಾಟಲಿಯ ಬಾಲ್ಯರೂಪ. ಬಿಸಿ ಮಾಡಿ ಗಾಳಿ ಊದಿ ಬಾಟಲಿ ಮಾಡುವ ಮೊದಲು ಅದು ದಪ್ಪ ಗೋಡೆಯ, ಹೆಬ್ಬೆರಳಿನಷ್ಟು ಅಗಲದ ಕೊಳವೆಯಾಗಿರುತ್ತದೆ. ಗಟ್ಟಿ ವಸ್ತು. 28 ಮಿಲಿಮೀಟರ್ ಕುತ್ತಿಗೆ, ಸಾಮಾನ್ಯ ಸೋಡಾ ಬಾಟಲಿಯ ಮುಚ್ಚಳ ಕೂರುತ್ತದೆ, ಹನಿ ನೀರೂ ಒಳಗೆ ಹೋಗದು. ಯುರೋಪಿನ ಆಟಗಾರರಿಗೂ, ಅದರಲ್ಲೂ ಜರ್ಮನಿಯವರಿಗೆ, ಇದು ಅಚ್ಚುಮೆಚ್ಚು. ಯಜಮಾನರು ಮುಚ್ಚಳವನ್ನು ಮೋಟಿನ ಬುಡಕ್ಕೆ ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ಮೋಟು ಜಾರದಿರಲು ಒಂದು ಅಯಸ್ಕಾಂತ, ಅದು ತುಕ್ಕು ಹಿಡಿಯದಂತೆ ಮೇಲೆ ಅಂಟಿನ ಲೇಪ. ಒಳಗಿನ ಕಾಗದ ಪಕ್ಕದ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ತಯಾರಾಗುವ ಮಳೆಗೆ ನೆನೆಯದ ಕಾಗದ. ಮರ ಕಡಿಯುವ ಕೆಲಸಗಾರರು ಮಳೆಯಲ್ಲೂ ಲೆಕ್ಕ ಬರೆದುಕೊಳ್ಳಲಿ ಎಂದು ನೂರು ವರ್ಷದ ಹಿಂದೆ ಅದನ್ನು ಮಾಡತೊಡಗಿದರು. ಬರೆಯಲು ಪೆನ್ಸಿಲ್ಲೇ ಆಗಬೇಕು. ಚಳಿಗೆ ಪೆನ್ನು ಕೈಕೊಡುತ್ತದೆ.

ಹಾವಸೆ ಹೇಗೆ ಅಂಟಿಸುತ್ತೀರಿ ಎಂದು ಕೇಳಿದೆ. ಅಂಟಿಸುವುದಿಲ್ಲವಂತೆ. ಅಂಟಿಸಿದ್ದು ಒಣಗಿ ಬಣ್ಣಗೆಟ್ಟು ಗುಟ್ಟು ಬಿಟ್ಟುಕೊಡುತ್ತದೆ. ಕೊಯ್ದ ಅಂಚುಗಳನ್ನು ತಂತಿಬ್ರಶ್ಶಿನಿಂದ ಉಜ್ಜಿ ಒರಟು ಮಾಡಿ, ಹೊಳಪಿಲ್ಲದ ಕಂದು, ಬೂದು ಬಣ್ಣಗಳನ್ನು ಮುದುರಿದ ಕಾಗದದಿಂದ ಒತ್ತಿ ಬಿಡುತ್ತಾರೆ. ಮೊದಲ ಚಳಿಗಾಲ ಬಣ್ಣ ಕಾಪಾಡುತ್ತದೆ. ಮುಂದೆ ಆರೆಗನ್ನಿನ ಮಳೆ ನೋಡಿಕೊಳ್ಳುತ್ತದೆ.

ಆದರೆ ನನ್ನನ್ನು ಬಹಳ ಹೊತ್ತು ಆ ಗ್ಯಾರೇಜಿನಲ್ಲಿ ಕೂರಿಸಿದ್ದು ಬೇರೆ ಸಂಗತಿ. ಒಂದು ಡಬ್ಬದ ತುಂಬ ಮೋಟುಗಳಿದ್ದವು. ಬರೀ ಮೋಟುಗಳು, ನಯವಾಗಿ ಮಿರುಗುವಂಥವು. ಹಳೆಯ ಕೊರಡುಗಳಿಂದ ತೆಗೆದವು. ನೂರಾರು ಜನ ಹಿಡಿದು ಎಳೆದು ಮತ್ತೆ ಕೂರಿಸಿದ ಮೋಟು ಕೈಯೆಣ್ಣೆಗೆ ಹೊಳೆಯತೊಡಗುತ್ತದೆ. ಹಾವಸೆ ಅದರ ಮೇಲೆ ನಿಲ್ಲುವುದಿಲ್ಲ. ಆ ಹೊಳಪೇ ಮುಂದಿನವರಿಗೆ ಸುಳಿವು. ಹೆಚ್ಚು ಜನ ಮೆಚ್ಚಿ ಬಂದಷ್ಟೂ ಕೊರಡು ಬೇಗ ಸಿಕ್ಕಿಬೀಳುತ್ತದೆ. ಹಾಗಾಗಿ ಪ್ರತಿ ವಸಂತದಲ್ಲಿ ಹೋಗಿ ಹಳೆಯ ಮೋಟು ತೆಗೆದು ಹೊಸದನ್ನು ಕೂರಿಸಿ ಬರುತ್ತಾರೆ. ಹಳೆಯದನ್ನು ಎಸೆಯಲು ಮನಸ್ಸು ಬಾರದೆ ಡಬ್ಬಕ್ಕೆ ಹಾಕುತ್ತಾರೆ. ಒಂದನ್ನು ನನ್ನ ಕೈಗೆ ಕೊಟ್ಟರು. ಯಾವ ಉಪ್ಪುಕಾಗದದಿಂದಲೂ ಅಂಥ ನಯ ಬರಲಾರದು.

ಇವರ ಕೆಲಸದಲ್ಲಿ ನಾನು ಮೆಚ್ಚಿದ ಇನ್ನೊಂದು ನಿಷ್ಠೆ, ಪ್ರತಿ ಕೊರಡಿನಲ್ಲೂ ಬೇಕೆಂದೇ ಒಂದು ಕುರುಹು ಬಿಡುವುದು. ಫರ್ ಮರದ ಕೊರಡನ್ನು ಅವರು ಫರ್ ಮರಗಳ ನಡುವೆ ಇಡುವುದಿಲ್ಲ. ಅಗಲ ಎಲೆಯ ಮೇಪಲ್ ಮರಗಳ ಕೆಳಗೆ ಇಡುತ್ತಾರೆ. ಮರ ಬಲ್ಲವರು ನಿಂತು ಒಮ್ಮೆ ತಲೆಯೆತ್ತಿ ನೋಡಿದರೆ, ಈ ಕೊಂಬೆ ಎಲ್ಲಿಂದ ಬಿತ್ತು ಎಂಬ ಪ್ರಶ್ನೆ ಏಳುತ್ತದೆ. ಏಳಬೇಕು. ತಾಳ್ಮೆಯಿರುವ ಹತ್ತು ವರ್ಷದ ಮಗುವಿಗೆ ಸಿಗದ ಡಬ್ಬಿ ಅವರ ಲೆಕ್ಕದಲ್ಲಿ ಕೆಟ್ಟ ಡಬ್ಬಿ. ಇದರ ಹಿಂದೆ ಕಾಡಿನ ಕಾಳಜಿಯೂ ಇದೆ. ಸುಳಿವೇ ಇಲ್ಲದೆ ಅಡಗಿಸಿದರೆ ಬೇಸತ್ತವರು ಕಲ್ಲು ಮಗುಚುತ್ತಾರೆ, ಹಾವಸೆ ಕೀಳುತ್ತಾರೆ, ಪೊದೆ ತುಳಿಯುತ್ತಾರೆ. ಅತಿ ಜಾಣ ವೇಷದಿಂದ ಹಾಳಾಗುವುದು ಜಾಗವೇ.

ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಹಾರುವ ಓತಿ ನೆನಪಿದ್ದೀತು. ನಮ್ಮ ಘಟ್ಟದ ಆ ಪ್ರಾಣಿ ತೊಗಟೆಗೆ ಮೈಯೊತ್ತಿ ಕೂತರೆ ಮರವೂ ಅದೂ ಒಂದೇ. ನೇರ ಅಂಚು, ಹೊಳಪು, ನೆರಳು, ಈ ಮೂರನ್ನು ಕಳೆದುಕೊಂಡ ವಸ್ತು ಕಣ್ಣಿಗೆ ಬೀಳುವುದಿಲ್ಲ. ಹ್ಯೂ ಕಾಟ್ ಎಂಬ ಇಂಗ್ಲಿಷ್ ಜೀವಶಾಸ್ತ್ರಜ್ಞರು 1940ರಲ್ಲಿ ಪ್ರಾಣಿಗಳ ಮೈಬಣ್ಣದ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದಿದ್ದಾರೆ. ಓತಿ ಅಡಗುವುದು ಸಿಗಬಾರದೆಂದು, ಕೊರಡು ಅಡಗುವುದು ಸಿಗಲಿ ಎಂದು. ನಾನು ಕಂಡ ವ್ಯತ್ಯಾಸ ಇಷ್ಟೇ.

ಉಳಿದ ಬಗೆಗಳನ್ನು ಬೇಗ ಹೇಳಿಬಿಡುತ್ತೇನೆ. ಬೆರಳ ತುದಿಯಷ್ಟಿನ ಅಯಸ್ಕಾಂತದ ಡಬ್ಬಿಗಳಿವೆ. ಟೊಳ್ಳು ಬೋಲ್ಟು, ಅಚ್ಚು ಹೊಯ್ದ ಕಲ್ಲು, ಒಳಗೆ ಬೀಗದ ಒಗಟಿರುವ ಹಕ್ಕಿಗೂಡುಗಳಿವೆ. ಉದ್ದದ ಪೈಪೊಂದರ ತಳದಲ್ಲಿ ಡಬ್ಬಿಯಿಟ್ಟು, ಬಂದವರೇ ನೀರು ತಂದು ಸುರಿದು ಅದನ್ನು ತೇಲಿಸಿ ಎತ್ತಿಕೊಳ್ಳಲಿ ಎನ್ನುವವರೂ ಇದ್ದಾರೆ. ಹಳಬರ ಮೊದಲ ಪ್ರೀತಿ ಮಾತ್ರ ಸೇನೆಯ ಹಳೆಯ ಮದ್ದುಗುಂಡು ಪೆಟ್ಟಿಗೆ. ಮುಚ್ಚಳಕ್ಕೆ ರಬ್ಬರ್ ಅಂಚು, ಮಳೆಗಾಲವನ್ನೆಲ್ಲ ತಡೆಯುತ್ತದೆ. ಸೇನೆಯ ಗುರುತುಗಳನ್ನು ಬಣ್ಣ ಬಳಿದು ಮುಚ್ಚಿದರಾಯಿತು. ಬಡವರ ಪೆಟ್ಟಿಗೆಯೆಂದರೆ ಫಿಲ್ಮ್ ರೋಲಿನ ಡಬ್ಬಿ. ಕಪ್ಪು ಡಬ್ಬಿ, ಬೂದು ಮುಚ್ಚಳ. ನಮ್ಮ ಮನೆಗಳಲ್ಲಿ ಚಿಲ್ಲರೆ ಕಾಸು, ಅಡಕೆ ಚೂರು ಇಡುತ್ತಿದ್ದುದು ಅದರಲ್ಲೇ. ಸ್ಟುಡಿಯೋಗಳಲ್ಲಿ ಕೇಳಿದಷ್ಟು ಪುಕ್ಕಟೆ ಸಿಗುತ್ತಿತ್ತು. ಡಿಜಿಟಲ್ ಕ್ಯಾಮೆರಾ ಬಂದು ಫಿಲ್ಮೇ ಹೋದ ಮೇಲೆ ಈಗ ದುಡ್ಡು ಕೊಟ್ಟು ಕೊಳ್ಳಬೇಕಾಗಿದೆ.

ಆ ಡಬ್ಬಿಯ ಬಗ್ಗೆ ಯಜಮಾನರಿಗೆ ಬೇಸರವಿದೆ. ನೆವಾಡಾದ ಮರುಭೂಮಿಯಲ್ಲಿ ಒಂದೇ ಹೆದ್ದಾರಿಯುದ್ದಕ್ಕೂ ಇಂಥ ಸಾವಿರಕ್ಕೂ ಹೆಚ್ಚು ಡಬ್ಬಿಗಳನ್ನು ಇಟ್ಟಿದ್ದಾರೆ. ಕಾರು ನಿಲ್ಲಿಸು, ಸಹಿ ಹಾಕು, ಹೊರಡು. ದಿನಕ್ಕೆ ನೂರಾರು ಎಣಿಕೆ. ಎಣಿಕೆಗಾಗಿ ಆಡುವವರು ಹೆಚ್ಚಾದ ಹಾಗೆ ಒಂದು ಡಬ್ಬಿಗೆ ಒಂದು ಬೇಸಿಗೆ ಕೊಡುವವರು ಕಡಿಮೆಯಾಗುತ್ತಿದ್ದಾರೆ. ಅವರ ಮಾತನ್ನು ನಾನು ಒಪ್ಪುತ್ತೇನೆ.

ಇನ್ನೊಂದು ಕಷ್ಟ ಭಯದ್ದು. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಪಟ್ಟಣದಲ್ಲಿ ಕೆಫೆಯೊಂದರ ಹೊರಗೆ ಇಟ್ಟಿದ್ದ ಡಬ್ಬಿಯನ್ನು ಬಾಂಬೆಂದು ಶಂಕಿಸಿ, ಬೀದಿ ಖಾಲಿ ಮಾಡಿಸಿ, ಸೇನೆಯ ತಂಡ ಬಂದು ಸ್ಫೋಟಿಸಿ ನಾಶ ಮಾಡಿತು. ಅಂಥ ಪ್ರಕರಣಗಳ ಪಾಠವೇ ಯಜಮಾನರ ಪಾರದರ್ಶಕ ಕೊಳವೆ. ಹೊರಗೆ ಎಷ್ಟೇ ವೇಷವಿರಲಿ, ಒಳಗಿನದು ಮುಚ್ಚಿಡುವಂತಿರಬಾರದು; ಕೈಗೆತ್ತಿಕೊಂಡ ಯಾರಿಗೇ ಆಗಲಿ ಇದು ಕಾಗದದ ಸುರುಳಿಯೆಂದು ಕ್ಷಣದಲ್ಲಿ ತಿಳಿಯಬೇಕು. ಮೇಲೆ ಆಟದ ಹೆಸರನ್ನೂ ಬರೆದಿರುತ್ತಾರೆ.

ಬೆಂಗಳೂರಿನಲ್ಲೂ ಇಂಥ ಡಬ್ಬಿಗಳು ಕೆಲವಿವೆ. ವಾರಸುದಾರರಿಲ್ಲದ ವಸ್ತುಗಳನ್ನು ಮುಟ್ಟಬೇಡಿ ಎಂದು ನಿಲ್ದಾಣಗಳಲ್ಲಿ ದಿನವೂ ಕೇಳುವ ಊರಿನಲ್ಲಿ ಈ ಆಟ ಹರಡುವುದು ಸುಲಭವಲ್ಲ. ಆದರೂ ಮಕ್ಕಳು ಹೊಂಗೆಗೂ ಬೇವಿಗೂ ವ್ಯತ್ಯಾಸ ಕಲಿಯಲು, ಹೊಂಗೆಯ ಕೆಳಗೆ ಬಿದ್ದಿರುವ ಬೇವಿನ ಕೊರಡಿಗಿಂತ ಒಳ್ಳೆಯ ಪಾಠ ನನಗೆ ತೋಚುತ್ತಿಲ್ಲ. ಶಾಲೆಯ ಆವರಣದಲ್ಲಿ, ಮೇಷ್ಟರ ಒಪ್ಪಿಗೆಯಿಂದ, ಉಪಗ್ರಹವಿಲ್ಲದೆಯೂ ಇದನ್ನು ಆಡಬಹುದು.

ಯಜಮಾನರಿಗೆ ಈಗ ಮೊಣಕಾಲು ನೋವು. ಇಳಿಜಾರಿನ ದಾರಿಗಳು ಕಷ್ಟ. ನೋಡಿಕೊಳ್ಳುವವರಿಲ್ಲದ ಡಬ್ಬಿಯನ್ನು ಪಟ್ಟಿಯಿಂದ ತೆಗೆದುಬಿಡುತ್ತಾರೆ. ಅದಕ್ಕೇ ತಮ್ಮ ಕೊರಡುಗಳನ್ನು ಒಂದೊಂದಾಗಿ ಬೇರೆಯವರಿಗೆ ದತ್ತು ಕೊಡುತ್ತಿದ್ದಾರೆ. ಆಟದಲ್ಲಿ ಅದಕ್ಕೆ ಅವಕಾಶವಿದೆ, ಜಾಲತಾಣದಲ್ಲಿ ಇಬ್ಬರೂ ಒಪ್ಪಿದರೆ ಒಡೆತನ ಕೈಬದಲಾಗುತ್ತದೆ. ತೊರೆಯ ಪಕ್ಕದ ಎರಡನ್ನು ಮಾತ್ರ ಇನ್ನೂ ಇಟ್ಟುಕೊಂಡಿದ್ದಾರೆ. ತೆಗೆದುಕೊಂಡವರಲ್ಲಿ ಒಬ್ಬ ಹುಡುಗಿ ಮೋಟು ಕೊಯ್ಯುವುದನ್ನು ಕಲಿಯಲು ಶನಿವಾರ ಬರುತ್ತಾಳೆ. ಉಳಿದವರು ಕೊರಡು ಕೊಳೆತ ಮೇಲೆ ಅದೇ ಜಾಗದಲ್ಲಿ ಪ್ಲಾಸ್ಟಿಕ್ ಡಬ್ಬಿ ಇಟ್ಟಿದ್ದಾರೆ. ತುಂಬಿದ ಸಹಿಸುರುಳಿಗಳು ಇಸವಿವಾರು ಕಟ್ಟಿ ಗ್ಯಾರೇಜಿನ ಕಪಾಟಿನಲ್ಲಿವೆ. ಅವನ್ನು ಈವರೆಗೆ ಯಾರೂ ಕೇಳಿಲ್ಲವಂತೆ.