ಕಬಿನಿ ದೋಣಿ ಸಫಾರಿ

ಕಬಿನಿ ದೋಣಿ ಸಫಾರಿಯು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಜಲಾಶಯದ ಹಿನ್ನೀರಿನಲ್ಲಿ ಮಾರ್ಗದರ್ಶಕರೊಂದಿಗೆ ಕೈಗೊಳ್ಳುವ ವನ್ಯಜೀವಿ ವೀಕ್ಷಣೆಯಾಗಿದೆ. ಹಿನ್ನೀರಿನ ಉತ್ತರಕ್ಕೆ ನಾಗರಹೊಳೆ, ದಕ್ಷಿಣಕ್ಕೆ ಬಂಡೀಪುರ ರಾಷ್ಟ್ರೀಯ ಉದ್ಯಾನಗಳಿವೆ.

ಕಾವೇರಿಯ ಉಪನದಿಯಾದ ಕಬಿನಿಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಅದರಿಂದ ಹಲವು ಹಳ್ಳಿಗಳೂ ಕಾಡಿನ ಒಂದು ಭಾಗವೂ ಮುಳುಗಡೆಯಾದವು. ನೀರಿನ ನಡುವೆ ನಿಂತಿರುವ ಒಣಮರಗಳು ಆ ಕಾಡಿನ ಕುರುಹುಗಳು. ಅವುಗಳ ಮೇಲೆ ನೀರುಕಾಗೆಗಳು ಕುಳಿತು ರೆಕ್ಕೆ ಒಣಗಿಸಿಕೊಳ್ಳುತ್ತವೆ.

ಬೇಸಿಗೆಯಲ್ಲಿ ಕಾಡಿನೊಳಗಿನ ಕೆರೆಗಳು ಬತ್ತುತ್ತವೆ. ಹಿನ್ನೀರು ಇಳಿದ ದಡದಲ್ಲಿ ಮಾತ್ರ ಎಳೆಹುಲ್ಲು ಚಿಗುರುತ್ತದೆ. ಆಗ ಆನೆಗಳು ಹಿಂಡುಹಿಂಡಾಗಿ ಇಲ್ಲಿಗೆ ಬರುತ್ತವೆ. ದೋಣಿ ದಡಕ್ಕೆ ತೀರ ಸಮೀಪಿಸಿದರೆ ಅಥವಾ ಪ್ರಯಾಣಿಕರು ಗದ್ದಲ ಮಾಡಿದರೆ ಹಿಂಡು ಬೆದರಿ, ನೀರು ಕುಡಿಯದೆಯೇ ಮರಳಬಹುದು. ಆದ್ದರಿಂದ ವೀಕ್ಷಕರು ಮೌನವನ್ನೂ ಅಂತರವನ್ನೂ ಪಾಲಿಸುವುದು ಅಗತ್ಯ.