ಇಬ್ರಾಹಿಂ ರೋಜಾದ ನಿರ್ಮಾತೃ ಮಲಿಕ್ ಸಂದಲ್: ಶಾಸನ ಮತ್ತು ಕಟ್ಟಡದ ಸಾಕ್ಷ್ಯ

ಕಟ್ಟಡವೊಂದರ ಚರಿತ್ರೆಯನ್ನು ನಿರೂಪಿಸುವಾಗ ಕಟ್ಟಿಸಿದವರ ಹೆಸರಿಗೆ ದೊರೆಯುವ ಪ್ರಾಶಸ್ತ್ಯ ಕಟ್ಟಿದವರ ಹೆಸರಿಗೆ ದೊರೆಯುವುದು ವಿರಳ. ವಿಜಯಪುರದ ಆದಿಲಶಾಹಿ ಸ್ಮಾರಕಗಳ ಅಧ್ಯಯನವೂ ಇದಕ್ಕೆ ಹೊರತಾಗಿಲ್ಲ. ಗೋಳಗುಮ್ಮಟವೆಂದೊಡನೆ ಮಹಮ್ಮದ್ ಆದಿಲಶಾಹನ ಹೆಸರೂ, ಇಬ್ರಾಹಿಂ ರೋಜಾ ಎಂದೊಡನೆ ಎರಡನೆಯ ಇಬ್ರಾಹಿಂ ಆದಿಲಶಾಹನ ಹೆಸರೂ ನೆನಪಿಗೆ ಬರುತ್ತವೆ. ಇವರ ನಡುವೆ, ತಾನು ಪೂರೈಸಿದ ಕಟ್ಟಡದ ಮೇಲೆಯೇ ಹೆಸರುಳಿದಿರುವ ನಿರ್ಮಾತೃ ಮಲಿಕ್ ಸಂದಲ್. ಆತನ ವಿಷಯದಲ್ಲಿ ಖಚಿತವಾಗಿ ಏನನ್ನು ಹೇಳಬಹುದು, ಏನನ್ನು ಊಹೆಯೆಂದೇ ಪರಿಗಣಿಸಬೇಕು ಎಂಬುದು ಇಲ್ಲಿ ವಿಚಾರಣೀಯ.

ಇಬ್ರಾಹಿಂ ರೋಜಾ ಇರುವುದು ನಗರದ ಕೋಟೆಗೋಡೆಯ ಹೊರಗೆ, ಪಶ್ಚಿಮದಲ್ಲಿ, ತೊರವಿ ಹಾಗೂ ತಿಕೋಟಾಗಳ ದಿಕ್ಕಿಗೆ. ಇಬ್ರಾಹಿಮನು (ಆಳ್ವಿಕೆ 1580–1627) ನವರಸಪುರವೆಂಬ ಹೊಸ ನಗರವನ್ನು 1599ರಲ್ಲಿ ಕಟ್ಟಲಾರಂಭಿಸಿದ್ದೂ ಇದೇ ದಿಕ್ಕಿನ ತೊರವಿಯ ಪರಿಸರದಲ್ಲಿ. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಸಿಕ್ಕಿ ಆ ನಗರ ಹಾಳಾಯಿತು. ರೋಜಾ ಮಾತ್ರ ಪೂರ್ಣಗೊಂಡು ಉಳಿದುಬಂದಿದೆ.

ಇಲ್ಲಿನ ಪಾರಸಿ ಶಾಸನಗಳು ಮೂರು ಸಂಗತಿಗಳನ್ನು ತಿಳಿಸುತ್ತವೆ. ಮೊದಲನೆಯದಾಗಿ, ಕಟ್ಟಡಕ್ಕೆ ಆಜ್ಞೆಯಿತ್ತವಳು ರಾಣಿ ತಾಜ್ ಸುಲ್ತಾನಾ. ಎರಡನೆಯದಾಗಿ, ಕೆಲಸವನ್ನು ಪೂರೈಸಿದವನು ಮಲಿಕ್ ಸಂದಲ್. ಮೂರನೆಯದಾಗಿ, ಇದಕ್ಕೆ ತಗುಲಿದ ವೆಚ್ಚ ಒಂದೂವರೆ ಲಕ್ಷದ ಮೇಲೆ 900 ಹೊನ್ನು. ಅಕ್ಷರಗಳಿಗೆ ಸಂಖ್ಯಾಮೌಲ್ಯವನ್ನು ಕಲ್ಪಿಸಿ ಕಾಲವನ್ನು ಸೂಚಿಸುವ ಪದ್ಧತಿಯಲ್ಲಿ ಹಿಜರಿ 1036 ಎಂಬ ವರ್ಷ ಲಭಿಸುತ್ತದೆ. ಇದು ಕ್ರಿ.ಶ. 1626–27ಕ್ಕೆ ಸರಿಹೊಂದುತ್ತದೆ. ರಾಣಿಯ ಸ್ಮಾರಕವಾಗಿ ರೂಪುಗೊಂಡ ಈ ಕಟ್ಟಡದಲ್ಲಿ 1627ರಲ್ಲಿ ತೀರಿಕೊಂಡ ಸುಲ್ತಾನನ ಸಮಾಧಿಯೂ ಸೇರಿತು. ಆದ್ದರಿಂದ ಹೆಸರು ಇಬ್ರಾಹಿಮನದಾದರೂ ಶಾಸನವು ಎತ್ತಿಹೇಳುವುದು ರಾಣಿಯನ್ನು ಮತ್ತು ಸಂದಲನನ್ನು ಎಂಬುದು ಗಮನಾರ್ಹ.

ಮಲಿಕ್ ಎಂಬುದು ಬಿರುದು. ಸಂದಲ್ ಎಂದರೆ ಶ್ರೀಗಂಧ. ಸಂಸ್ಕೃತದ ಚಂದನಕ್ಕೆ ಸಂಬಂಧಿಸಿದ ಈ ಶಬ್ದ ಉರುಸಿನ ಗಂಧೋತ್ಸವದ ಹೆಸರಾಗಿ ಕನ್ನಡದಲ್ಲಿಯೂ ಬಳಕೆಯಲ್ಲಿದೆ. ಆಫ್ರಿಕಾದಿಂದ ತಂದ ಹಬಶಿ ಗುಲಾಮರಿಗೆ ರತ್ನಗಳ, ಸುಗಂಧದ್ರವ್ಯಗಳ ಹೆಸರಿಡುವ ರೂಢಿ ದಖ್ಖನಿನ ಆಸ್ಥಾನಗಳಲ್ಲಿತ್ತು. ಅಂಬರ್ ಒಂದು ಸುಗಂಧದ್ರವ್ಯ; ಯಾಕೂತ್ ಎಂದರೆ ಮಾಣಿಕ್ಯ. ಗುಲಾಮನಾಗಿ ಬಂದು ಅಹಮದ್‌ನಗರ ರಾಜ್ಯದ ಸೂತ್ರ ಹಿಡಿದ ಮಲಿಕ್ ಅಂಬರ್ ಈ ವರ್ಗದ ಪ್ರಸಿದ್ಧ ನಿದರ್ಶನ. ಈ ಹಿನ್ನೆಲೆಯಲ್ಲಿ ಸಂದಲನೂ ಹಬಶಿ ಮೂಲದವನೆಂಬ ಊಹೆಗೆ ಬಲ ಬರುತ್ತದೆ. ಆದರೆ ಇದು ಹೆಸರನ್ನು ಆಧರಿಸಿದ ಅನುಮಾನವೇ ಹೊರತು ಶಾಸನೋಕ್ತಿಯಲ್ಲ.

ಕಟ್ಟಡವೇ ನುಡಿಯುವ ಸಾಕ್ಷ್ಯ ಇನ್ನೂ ಸ್ಪಷ್ಟವಾಗಿದೆ. ಒಂದೇ ಜಗತಿಯ ಮೇಲೆ ಪೂರ್ವಕ್ಕೆ ಸಮಾಧಿ, ಪಶ್ಚಿಮಕ್ಕೆ ಮಸೀದಿ, ನಡುವೆ ನೀರಿನ ಕೊಳ ಇವೆ. ಹೊರಗಿನಿಂದ ನೋಡುವವರಿಗೆ ಗುಮ್ಮಟ ಎತ್ತರವಾಗಿ ಕಾಣಬೇಕು. ಅದೇ ಎತ್ತರ ಒಳಗೆ ತೆರೆದುಕೊಂಡರೆ ಸುಮಾರು 40 ಅಡಿ ಚೌಕದ ಸಮಾಧಿಕೋಣೆ ಬಾವಿಯಂತೆ ತೋರುತ್ತದೆ. ಈ ತೊಡಕನ್ನು ನಿವಾರಿಸಲು ಕೋಣೆಗೆ ಪ್ರತ್ಯೇಕ ಕಲ್ಲಿನ ಚಾವಣಿಯನ್ನು ಹಾಕಲಾಗಿದೆ. ನಾಲ್ಕೂ ಗೋಡೆಗಳಿಂದ ಏಳೂವರೆ ಅಡಿಯಷ್ಟು ಬಾಗಿ ಮುಂಚಾಚಿದ ಭಾಗದ ನಡುವೆ 24 ಅಡಿ ಚೌಕದ ಸಮತಟ್ಟಾದ ಚಾವಣಿಯಿದೆ. ಅದರ ಕಲ್ಲುಗಳು ಕಂಬ ತೊಲೆಗಳ ಆಸರೆ ಕಾಣದಂತೆ ಅಂಚಿಗೆ ಅಂಚು ಕೂಡಿ ನಿಂತಿವೆ. ಗಾರೆಯ ಬಿಗಿಯಾದ ಬೆಸುಗೆ ಈ ಸಾಹಸವನ್ನು ಸಾಧ್ಯವಾಗಿಸಿದೆ. ಚಾವಣಿಗೂ ಗುಮ್ಮಟಕ್ಕೂ ನಡುವೆ ಬರಿದಾದ ಇನ್ನೊಂದು ಕೋಣೆ ಉಳಿದಿದೆ.

ಆದರೂ ಶಾಸನದ ಮಾತನ್ನು ಅದರ ಮಿತಿಯಲ್ಲಿಯೇ ಅರ್ಥೈಸುವುದು ಅಗತ್ಯ. ಕೆಲಸವನ್ನು ಪೂರೈಸಿದವನೆಂದರೆ ನಕ್ಷೆ ರೂಪಿಸಿದವನೂ ಆಗಿರಬಹುದು, ಹಣ ಮತ್ತು ಕೆಲಸಗಾರರ ಮೇಲ್ವಿಚಾರಕನೂ ಆಗಿರಬಹುದು. ಇಂದಿನ ವಾಸ್ತುಶಿಲ್ಪಿಯ ಕಲ್ಪನೆಯನ್ನು ಹಾಗೆಯೇ ಅಂದಿನ ಅಧಿಕಾರಿಗೆ ಆರೋಪಿಸಲಾಗದು. ಯಾಕೂತ್ ದಾಬುಲಿಯ ಸಂಗತಿ ಇಲ್ಲಿ ಎಚ್ಚರಿಕೆಯಾಗಿ ನಿಲ್ಲುತ್ತದೆ. ವಿಜಯಪುರದ ಜಾಮಿಯಾ ಮಸೀದಿಯ ಮಿಹರಾಬಿನ ಅಲಂಕರಣ ಶಾಸನದಲ್ಲಿ ಹಿಜರಿ 1045ಕ್ಕೆ (ಕ್ರಿ.ಶ. 1635–36) ಆತನ ಹೆಸರಿದೆ. ಗೋಳಗುಮ್ಮಟದ ಬಾಗಿಲ ಮೇಲಿನ ಶಾಸನ ಸಾರುವುದು ಸುಲ್ತಾನನ ಮರಣವರ್ಷವನ್ನು ಮಾತ್ರ. ಆದಾಗ್ಯೂ ಗೋಳಗುಮ್ಮಟದ ಶಿಲ್ಪಿ ಯಾಕೂತನೆಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದಿದೆ. ಸಂದಲನ ಹೆಸರಿಗೆ ಇಂತಹ ಕೊರತೆಯಿಲ್ಲ; ಅದು ಕೃತಿಯ ಮೇಲೆಯೇ ಇದೆ.

ಈ ನಾಡಿಗೆ ಇಂತಹ ಉಲ್ಲೇಖ ಹೊಸತೇನೂ ಅಲ್ಲ. 1997ರವರೆಗೆ ಇದೇ ಜಿಲ್ಲೆಗೆ ಸೇರಿದ್ದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದವಳು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಅಲ್ಲಿಯ ಕನ್ನಡ ಶಾಸನ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯನ್ನು ತ್ರಿಭುವನಾಚಾರಿಯೆಂಬ ಬಿರುದಿನೊಡನೆ ಹೆಸರಿಸುತ್ತದೆ. ರಾಣಿಯ ಆಜ್ಞೆ, ಹೆಸರುಳ್ಳ ನಿರ್ಮಾತೃ, ಕೃತಿಯ ಮೇಲೆಯೇ ಬರಹ ಎಂಬ ಮೂರು ಅಂಶಗಳೂ ಸುಮಾರು ಒಂಬೈನೂರು ವರ್ಷಗಳ ಅಂತರದಲ್ಲಿ ಎರಡೂ ಕಡೆ ಸಮಾನವಾಗಿವೆ. ಇದರಿಂದ ನೇರ ಪ್ರಭಾವವನ್ನು ಸಾಧಿಸಲಾಗದು. ಆದರೆ ಶಾಸನ ಕನ್ನಡದಲ್ಲಿದ್ದರೆ ರೂವಾರಿಗಳ ಪಟ್ಟಿಗೆ ಸೇರಿಸಿ, ಪಾರಸಿಯಲ್ಲಿದ್ದರೆ ಬಿಟ್ಟುಬಿಡುವ ಕ್ರಮ ಉಚಿತವೆನಿಸದು. ಹೆನ್ರಿ ಕಸಿನ್ಸ್ 1916ರಲ್ಲಿ ಈ ಸ್ಮಾರಕಗಳ ವಿಸ್ತೃತ ವಿವರಣೆಯನ್ನೂ, ಎಂ. ನಜೀಮ್ 1936ರಲ್ಲಿ ಇಲ್ಲಿಯ ಶಾಸನಗಳ ಸಂಪುಟವನ್ನೂ ಒದಗಿಸಿದ್ದಾರೆ. ಆ ಸಾಮಗ್ರಿಯನ್ನು ಕನ್ನಡ ಶಾಸನಗಳ ಜೊತೆಗಿರಿಸಿ ಅಭ್ಯಸಿಸಿದಾಗ ಕರ್ನಾಟಕದ ಶಿಲ್ಪಿಗಳ ಚರಿತ್ರೆಯಲ್ಲಿ ಅನಿವಾರಿತಾಚಾರಿಯ ಸಾಲಿನಲ್ಲಿಯೇ ಮಲಿಕ್ ಸಂದಲನಿಗೂ ಸ್ಥಾನ ಸಲ್ಲುತ್ತದೆ.